ನಾಲ್ಕನೇ ಬದಿ ನಿನಗೆ

ಪ್ರೀತಿಯ ಗೆಳೆಯಾ,

ಹಾಡಿನ ಪ್ಲೇಟು ಬಂತು ಕಣೋ. ಎರಡು ವರ್ಷದಿಂದ ನಿನ್ನ ತಲೆ ತಿಂದಿದ್ದೆನಲ್ಲ, ಡ್ರೆಕ್ಸಿಯಾ ಅನ್ನುವ ಎಲೆಕ್ಟ್ರಾನಿಕ್ ಸಂಗೀತ ತಂಡದ 'ನೆಪ್ಚೂನ್ಸ್ ಲೇರ್' ಆಲ್ಬಮ್, ಅದೇ. 1999ರ ಮೊದಲ ಮುದ್ರಣ ಅಲ್ಲ, ಆಮೇಲೆ ಬಂದ ಮರುಮುದ್ರಣ. ಅದಕ್ಕೇನಂತೆ! ಕವರ್ ಬಿಚ್ಚುವಾಗ ನನ್ನ ಕೈ ನಡುಗುತ್ತಿತ್ತು.

ಈ ಪತ್ರವನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಎಲ್ಲರೂ ಓದುವ ಕಡೆ ಯಾಕೆ ಹಾಕಿದೆ ಅಂತ ಓದುತ್ತಾ ನಿನಗೇ ಗೊತ್ತಾಗುತ್ತದೆ. ಉಳಿದ ಓದುಗರಲ್ಲಿ ಒಂದು ಮಾತು: ಹಸಿರು ಛತ್ರಿ ಅಂತ ಎಲ್ಲಾದರೂ ಬಂದರೆ ಸುಮ್ನೆ ದಾಟಿ ಹೋಗಿ. ಅದು ನಮ್ಮಿಬ್ಬರ ವಿಷಯ.

"ಫೋನಿನಲ್ಲೇ ಸಿಗುತ್ತಲ್ಲ, ಪ್ಲೇಟು ಯಾಕೆ?" ಅಂತ ನೀನು ಕೇಳೇ ಕೇಳುತ್ತೀಯ. ಬಂದಾಗ ತೋರಿಸುತ್ತೇನೆ. ಪ್ಲೇಟನ್ನು ಟೇಬಲ್ ಲ್ಯಾಂಪಿನ ಕೆಳಗೆ ಸ್ವಲ್ಪ ಓರೆಯಾಗಿ ಹಿಡಿಯಬೇಕು. ಸದ್ದು ಕಡಿಮೆ ಇರುವ ಕಡೆ ಕಪ್ಪು ನುಣ್ಣಗೆ ಹೊಳೆಯುತ್ತದೆ. ಬೇಸ್ ಜೋರಾಗಿರುವ ಕಡೆ ಗೆರೆಗಳು ಒಂದಕ್ಕೊಂದು ಜಾಗ ಬಿಟ್ಟು ಓಲಾಡುತ್ತವೆ. 808 ಡ್ರಮ್ ಮಷೀನಿನ ಆ ದಪ್ಪ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಕಣ್ಣಿಂದಲೇ ಹೇಳಬಹುದು. ಸೂಜಿ ಇಳಿಸಿದೆ. ಮೊದಲು ಒಂದು ಸಣ್ಣ ಚಟಪಟ, ಆಮೇಲೆ ನೀರು. 'ಆಂಡ್ರಿಯನ್ ಸ್ಯಾಂಡ್ ಡ್ಯೂನ್ಸ್' ಬಂದಾಗ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತುಬಿಟ್ಟೆ. ಆ ಸಿಂತಸೈಜರ್ ಸದ್ದು ಒಂದೇ ಕಡೆ ನಿಂತು ಉಸಿರಾಡುತ್ತದೆ, ಕೆಳಗೆ ಬೀಟ್ ಓಡುತ್ತಲೇ ಇರುತ್ತದೆ. ಸಮುದ್ರದ ತಳದಲ್ಲಿ ಯಾರೋ ಸೈಕಲ್ ತುಳಿದ ಹಾಗೆ.

ನಿನಗೆ ಗೊತ್ತಿರುವುದನ್ನೇ ಉಳಿದವರಿಗಾಗಿ ಸ್ವಲ್ಪ ಹೇಳಬೇಕು. ಡ್ರೆಕ್ಸಿಯಾ ಅಮೆರಿಕದ ಡೆಟ್ರಾಯಿಟ್‌ನವರು. ಮೊದಲ ರೆಕಾರ್ಡ್ 'ಡೀಪ್ ಸೀ ಡ್ವೆಲ್ಲರ್' 1992ರಲ್ಲಿ ಬಂತು. ಫೋಟೋ ಇಲ್ಲ, ಕವರ್ ಮೇಲೆ ಮಾಡಿದವರ ಸ್ವಂತ ಹೆಸರೂ ಇಲ್ಲ. ಆ ಊರಿಗೆ ಇದು ಹೊಸದೂ ಅಲ್ಲ. ಎಲೆಕ್ಟ್ರಿಫೈಯಿಂಗ್ ಮೋಜೋ ಅಂತ ಒಬ್ಬ ರೇಡಿಯೋದವನು ಅಲ್ಲಿನ ಹುಡುಗರಿಗೆ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದಿಂದ ಅಮೆರಿಕದ ಗಾಯಕ ಪ್ರಿನ್ಸ್‌ವರೆಗೆ ಎಲ್ಲವನ್ನೂ ಕೇಳಿಸಿದ, ಮುಖ ಮಾತ್ರ ತೋರಿಸಲಿಲ್ಲ. ಡ್ರೆಕ್ಸಿಯಾದ ಮೊದಲ ಪೂರ್ಣ ಆಲ್ಬಮ್ಮೇ ಈ 'ನೆಪ್ಚೂನ್ಸ್ ಲೇರ್'. ಅದನ್ನು ಹೊರತಂದಿದ್ದು ಬರ್ಲಿನ್‌ನ ಟ್ರೆಸರ್ ಕಂಪನಿ.

ಇದಕ್ಕೆ ಎರಡು ವರ್ಷ ಮುಂಚೆ, 1997ರಲ್ಲಿ, ಅವರ ಹಳೆಯ ಹಾಡುಗಳ ಸಂಗ್ರಹ 'ದಿ ಕ್ವೆಸ್ಟ್' ಬಂದಿತ್ತು. ಅದರ ಜೊತೆ ಒಂದು ಚಿಕ್ಕ ಬರಹ. ಕೆಳಗೆ ಸಹಿ: ಅಜ್ಞಾತ ಲೇಖಕ. ಆಫ್ರಿಕಾದಿಂದ ಗುಲಾಮರನ್ನು ಸಾಗಿಸುವ ಹಡಗಿನಿಂದ ಗರ್ಭಿಣಿಯರನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ಹೊಟ್ಟೆಯೊಳಗೆ ಮಗು ನೀರಲ್ಲೇ ಬದುಕುತ್ತದಲ್ಲವೇ? ಹಾಗಾದರೆ ಆ ಮಕ್ಕಳು ಸಮುದ್ರದಲ್ಲೂ ಉಸಿರಾಡಲು ಕಲಿತಿರಬಹುದಲ್ಲವೇ? ಅವರು ಕಟ್ಟಿಕೊಂಡ ನಾಡೇ ಡ್ರೆಕ್ಸಿಯಾ. ಆ ಬರಹದ ಕಲ್ಪನೆ ಇಷ್ಟೇ.

ಕಲ್ಪನೆ ನಿಜ, ಆದರೆ ಎಸೆದಿದ್ದು ಕಲ್ಪನೆಯಲ್ಲ. 1781ರ ಕೊನೆಯಲ್ಲಿ ಜಾಂಗ್ ಅನ್ನುವ ಬ್ರಿಟಿಷ್ ಹಡಗಿನಿಂದ 130ಕ್ಕೂ ಜಾಸ್ತಿ ಜನರನ್ನು ಜೀವಂತವಾಗಿ ಸಮುದ್ರಕ್ಕೆ ದೂಡಿದರು. ಕುಡಿಯುವ ನೀರು ಸಾಲದು ಅಂತ ಕಾರಣ ಕೊಟ್ಟರು. ಆಮೇಲೆ ಮಾಲೀಕರು ವಿಮೆ ಹಣ ಕೇಳಿದರು, ಸರಕು ಹಾಳಾದರೆ ಕೇಳುತ್ತಾರಲ್ಲ, ಹಾಗೆ. 1783ರಲ್ಲಿ ಲಂಡನ್ನಿನ ಕೋರ್ಟಿಗೆ ಹೋಗಿದ್ದೂ ಅದೇ ವಿಮೆಯ ಜಗಳ. ಕೊಲೆ ಅಂತ ಯಾರ ಮೇಲೂ ಕೇಸು ನಡೆಯಲಿಲ್ಲ. ಇದನ್ನು ಓದಿದ ದಿನ ಆಲ್ಬಮ್ಮನ್ನು ಅರ್ಧಕ್ಕೇ ನಿಲ್ಲಿಸಿದ್ದೆ. ಹಿಂದೆ ಬರೀ ಗುಳುಗುಳು ಅಂತ ಕೇಳುತ್ತಿದ್ದ ಸದ್ದು ಈಗ ಹಾಗೆ ಕೇಳುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಈ ಎರಡು ವರ್ಷ ಮಾಡಿದ್ದೇನು ಗೊತ್ತಾ? ಹಾಡಿಗಿಂತ ಜಾಸ್ತಿ ಮುಖ ಹುಡುಕಿದೆ. ರಾತ್ರಿ ಒಂದು ಗಂಟೆ, ಎರಡು ಗಂಟೆಯವರೆಗೂ. ಸಿಕ್ಕಿದ್ದು ಸ್ವಲ್ಪವೇ. ಇಬ್ಬರು: ಜೇಮ್ಸ್ ಸ್ಟಿನ್ಸನ್, ಜೆರಾಲ್ಡ್ ಡೊನಾಲ್ಡ್. ಸ್ಟಿನ್ಸನ್ ಹೊಟ್ಟೆಪಾಡಿಗೆ ಟ್ರಕ್ ಓಡಿಸುತ್ತಿದ್ದರು. 2002ರ ಸೆಪ್ಟೆಂಬರ್ 3ರಂದು ಹೃದಯದ ತೊಂದರೆಯಿಂದ ತೀರಿಕೊಂಡರು. ಬರೀ 32 ವರ್ಷ. ಹೆಚ್ಚಿನ ಜನಕ್ಕೆ ಅವರ ಹೆಸರು ಗೊತ್ತಾಗಿದ್ದೇ ಆಮೇಲೆ. ಅದಕ್ಕೆ ಹಿಂದಿನ ವರ್ಷ, 2001ರಲ್ಲಿ, 'ದಿ ಅದರ್ ಪೀಪಲ್ ಪ್ಲೇಸ್' ಅನ್ನುವ ಬೇರೆಯೇ ಹೆಸರಲ್ಲಿ ಅವರು ಇನ್ನೊಂದು ಆಲ್ಬಮ್ ಮಾಡಿದ್ದರು. ಅದರಲ್ಲಿ ಸಮುದ್ರ ಇಲ್ಲ, ಯುದ್ಧ ಇಲ್ಲ. ಪ್ರೀತಿ, ಕಾಫಿ, ಕಾಯುವುದು, ಅಷ್ಟೇ. ಎಷ್ಟು ಮೃದು ಅಂದರೆ ಇವರೇ ಅವರು ಅಂತ ನನಗೆ ಮೊದಲು ಹೊಳೆಯಲೇ ಇಲ್ಲ.

ಅಲ್ಲೇ ನನಗೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಯಾಕೆ ಅಂತ ಹೇಳಿಬಿಡುತ್ತೇನೆ.

ನಾಲ್ಕು ವರ್ಷದ ಹಿಂದೆ ಒಂದು ರಾತ್ರಿ ನೀನು ನನಗೊಂದು ಲಿಂಕ್ ಕಳಿಸಿದ್ದೆ, ನೆನಪಿದೆಯಾ? ಆರು ನಿಮಿಷದ ಟ್ರ್ಯಾಕ್. ಮಾಡಿದವರ ಹೆಸರಿನ ಜಾಗದಲ್ಲಿ ಮೂರು ಚುಕ್ಕಿ. "ಯಾರು ಮಾಡಿದ್ದೋ ಗೊತ್ತಿಲ್ಲ ಮಾರಾಯ, ಕೇಳು, ಹಿಂಗೆ ಮಾಡಬೇಕು ನೋಡು" ಅಂತ ಬರೆದಿದ್ದೆ. ಎರಡನೇ ನಿಮಿಷದಲ್ಲಿ ಬರುವ ಆ ಕಟಕಟ ಸದ್ದನ್ನು ಎಲ್ಲಿಂದ ತಂದನೋ ಅಂತ ನೀನು ಬೆರಗಾಗಿದ್ದೆ.

ಅದು ನನ್ನ ರೂಮಿನ ಫ್ಯಾನು ಕಣೋ. ಆ ಟ್ರ್ಯಾಕ್ ಮಾಡಿದ್ದು ನಾನು.

ಆ ಫ್ಯಾನಿನ ಕೆಳಗೆ ನೀನು ಎಷ್ಟು ಸಲ ಮಲಗಿದ್ದೀಯ!

ನಾವಿಬ್ಬರೂ ಜೊತೆಗೆ ಸಂಗೀತ ಮಾಡುತ್ತಿದ್ದಾಗ ಕಿವಿ ನಿನ್ನದು, ಕೇಬಲ್ ಜೋಡಿಸುವ ಕೈ ನನ್ನದು. ಹಾಗೆ ಯಾರೂ ಹೇಳಿರಲಿಲ್ಲ, ಆದರೆ ಹಾಗೇ ಇತ್ತು. ಅದು ನಿಂತ ಮೇಲೆ ನಾನೊಬ್ಬನೇ ಒಂದು ಮಾಡಿದೆ. ನನ್ನ ಹೆಸರು ಹಾಕಿದರೆ ನೀನು ಗೆಳೆತನಕ್ಕಾಗಿ "ಚೆನ್ನಾಗಿದೆ" ಅಂದುಬಿಡುತ್ತೀಯ ಅಂತ ಭಯವಾಯಿತು. ಅದಕ್ಕೇ ಚುಕ್ಕಿ. ಅದು ಸುತ್ತಾಡಿ ನಿನ್ನ ಕೈಯಿಂದಲೇ ನನಗೆ ವಾಪಸ್ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ಆ ರಾತ್ರಿಯೇ ಹೇಳಬೇಕಿತ್ತು. "ಹೌದು, ಚೆನ್ನಾಗಿದೆ" ಅಂತ ಎರಡು ಪದ ಬರೆದು ಮಲಗಿದೆ. ನಿದ್ದೆ ಬರಲಿಲ್ಲ, ಖುಷಿಗೆ.

ಆಮೇಲೆ ನೀನು ಸಿಕ್ಕಾಗಲೆಲ್ಲ ಅವನ ಮಾತು. "ಆ ಮೂರು ಚುಕ್ಕಿಯವನು ಇನ್ನೊಂದು ಹಾಕಿಲ್ಲವಲ್ಲ." ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಶುರುವಾಯಿತು. ನಿಜವಾಗಿ. ಕೂತು ಏನಾದರೂ ಮಾಡಲು ಹೋದರೆ, ಅವನಷ್ಟು ಚೆನ್ನಾಗಿ ಬರುತ್ತಿಲ್ಲ ಅನಿಸಿ ಅಳಿಸಿಬಿಡುತ್ತಿದ್ದೆ. ನಾಲ್ಕು ವರ್ಷದಲ್ಲಿ ಒಂದೂ ಮುಗಿದಿಲ್ಲ. ಈ ನಡುವೆ ನಿನಗೆ ಫೋನ್ ಮಾಡುವುದು ಕಡಿಮೆಯಾಗಿದ್ದು ಕೆಲಸದಿಂದ ಅಂದುಕೊಂಡಿದ್ದೀಯಲ್ಲ? ಕೆಲಸ ಯಾವಾಗಲೂ ಇಷ್ಟೇ ಇತ್ತು.

ಸ್ಟಿನ್ಸನ್ ಹೆಸರು ಬಚ್ಚಿಟ್ಟು ಒಂದು ಸಮುದ್ರವನ್ನೇ ಕಟ್ಟಿದರು, ಹೆಸರಿಲ್ಲದೆ ಮುಳುಗಿದವರಿಗೆ ಅಲ್ಲಿ ಮನೆ ಮಾಡಿಕೊಟ್ಟರು. ನಾನು ಬಚ್ಚಿಟ್ಟಿದ್ದು ನಿನ್ನೊಬ್ಬನಿಂದ. ನಿನಗೊಬ್ಬನಿಗೇ ಬರೆಯುತ್ತಿದ್ದರೆ ಈ ಸಾಲು ಬರುವಷ್ಟರಲ್ಲಿ ಅಳಿಸಿರುತ್ತಿದ್ದೆ. ಮೂರು ಸಲ ಹಾಗೆ ಅಳಿಸಿದ್ದೇನೆ. ಹತ್ತು ಜನ ಓದಿದ ಮೇಲೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲವಲ್ಲ, ಅದಕ್ಕೇ ಇಲ್ಲಿ.

ಸಾಕು. ಪ್ಲೇಟಿನ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಕೂತವನು ಎಲ್ಲಿಗೋ ಹೋದೆ.

ಭಾನುವಾರ ಬಾ. ಸಂಜೆ ಬೇಡ, ಬೆಳಿಗ್ಗೆಯೇ ಬಾ. ಆಲ್ಬಮ್ಮಿನಲ್ಲಿ ಎರಡು ಪ್ಲೇಟು, ನಾಲ್ಕು ಬದಿ. ಮೂರು ಬದಿ ಕೇಳಿ ಮುಗಿಸಿದ್ದೇನೆ, ನಾಲ್ಕನೇ ಬದಿಗೆ ಇನ್ನೂ ಸೂಜಿ ಮುಟ್ಟಿಸಿಲ್ಲ. ಬೈಯುವುದಿದ್ದರೆ ಪ್ಲೇಟು ತಿರುಗಿಸಿ ಹಾಕುವ ಹೊತ್ತಲ್ಲಿ ಬೈದು ಮುಗಿಸು, ಆಮೇಲೆ ಸುಮ್ಮನೆ ಕೇಳೋಣ. ನಿನ್ನ ಆ ಹಳೆಯ ಹೆಡ್‌ಫೋನ್ ಇನ್ನೂ ನನ್ನ ಹತ್ತಿರವೇ ಇದೆ. ಫ್ಯಾನೂ ಅದೇ, ಕಟಕಟ ಈಗ ಸ್ವಲ್ಪ ಜಾಸ್ತಿಯಾಗಿದೆ. ಹಸಿರು ಛತ್ರಿ ಮಾತ್ರ ದಯವಿಟ್ಟು ಮನೆಯಲ್ಲೇ ಬಿಟ್ಟು ಬಾ.

ನಿನ್ನ,
ಮೂರು ಚುಕ್ಕಿ