ಸದ್ದು ಮಾಡುವ ಹಾರ್ಡ್ ಡಿಸ್ಕ್ ಕುರಿತು ಸೋದರ ಸೊಸೆಗೆ

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಸೋಬಾನೆ ಪದಗಳ ಧ್ವನಿಮುದ್ರಣಗಳನ್ನು ತುಂಬಿಟ್ಟಿದ್ದ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದೆಯೆಂದೂ, ಲ್ಯಾಪ್‌ಟಾಪಿಗೆ ಜೋಡಿಸಿದರೆ ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳುತ್ತಿದೆಯೆಂದೂ ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಅದು ಇನ್ನೂ ಜೋಡಿಸಿಯೇ ಇದ್ದರೆ ಮೊದಲು ಕೇಬಲ್ ತೆಗೆದುಬಿಡು. ಫಾರ್ಮ್ಯಾಟ್‌ಗೆ ಯಾವ ಕಾರಣಕ್ಕೂ ಒಪ್ಪಿಗೆ ಕೊಡಬೇಡ.

ಡಿಸ್ಕಿನೊಳಗೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತಿನಂತೆ ತಿರುಗುವ ತಟ್ಟೆಗಳಿರುತ್ತವೆ, ಅವುಗಳನ್ನು ಓದುವ ಹೆಡ್ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ತನ್ನ ಜಾಡು ಸಿಗದ ಹೆಡ್ ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಪ್ರಯತ್ನಿಸುವಾಗ ಬರುವ ಸದ್ದೇ ನೀನು ಕೇಳಿದ್ದು. ಹಾಗೆ ಓಡುವಾಗ ಅದು ತಟ್ಟೆಗೆ ತಾಗಿದರೆ ಮೇಲಿನ ಕಾಂತೀಯ ಲೇಪವನ್ನು ಕೆರೆದುಹಾಕುತ್ತದೆ, ಕೆರೆದುಹೋದದ್ದನ್ನು ಯಾವ ಪರಿಣತನೂ ಮರಳಿ ತರಲಾರ. ಆದ್ದರಿಂದ 'ಇನ್ನೊಂದು ಸಲ ಹಾಕಿ ನೋಡೋಣ' ಎಂಬ ಆಸೆಯೇ ಇಲ್ಲಿ ಅತ್ಯಂತ ದುಬಾರಿಯಾದದ್ದು. ಡಿಸ್ಕನ್ನು ಫ್ರೀಜರಿನಲ್ಲಿಡಲು ಯಾರಾದರೂ ಹೇಳಿದರೆ ಕೇಳಬೇಡ; ತೇವ ಒಳಸೇರಿ ಇದ್ದದ್ದೂ ಕೆಡುತ್ತದೆ. ಮುಚ್ಚಳ ಬಿಚ್ಚುವುದಂತೂ ಧೂಳುರಹಿತ ಕೋಣೆಯಿರುವವರ ಕೆಲಸ. ವಿಂಡೋಸ್‌ನ ಚೆಕ್‌ಡಿಸ್ಕ್ ಕೂಡ ಬೇಡ. ಅದು ಫೈಲ್ ವ್ಯವಸ್ಥೆಯನ್ನು ಸರಿಪಡಿಸುವ ಸಾಧನವೇ ಹೊರತು ಸಾಯುತ್ತಿರುವ ಯಂತ್ರಕ್ಕೆ ಮದ್ದಲ್ಲ.

ಸದ್ದಿಲ್ಲದೆ ಬರೀ ನಿಧಾನವಾಗಿದ್ದ ಡಿಸ್ಕ್ ಆಗಿದ್ದರೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸು ಎನ್ನುತ್ತಿದ್ದೆ. ಅದು ಸುಲಭವಾಗಿ ಓದಸಿಗುವ ಭಾಗಗಳನ್ನು ಮೊದಲು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಹಟ ಹಿಡಿದ ಭಾಗಗಳನ್ನು ಗುರುತಿಟ್ಟುಕೊಂಡು ಆಮೇಲೆ ಅವಕ್ಕೆ ಕೈಹಾಕುತ್ತದೆ. ಹುಡುಕಾಟವೆಲ್ಲ ಆ ನಕಲಿನ ಮೇಲೆಯೇ ನಡೆಯಬೇಕು. ನಿನ್ನ ಡಿಸ್ಕ್ ಆ ಹಂತವನ್ನು ದಾಟಿದೆ, ಕೆಟ್ಟ ಡಿಸ್ಕಿನಿಂದ ಫೈಲುಗಳನ್ನು ಮರಳಿ ತೆಗೆಯುವ ಪ್ರಯೋಗಾಲಯಕ್ಕೇ ಹೋಗಬೇಕು. ಕೊಡುವ ಮೊದಲು ಪರೀಕ್ಷೆಗೆ ಎಷ್ಟು, ಏನೂ ಸಿಗದಿದ್ದರೆ ಎಷ್ಟು, ಪೂರ್ತಿ ಹಣ ಕಟ್ಟುವ ಮುನ್ನ ಸಿಕ್ಕ ಫೈಲುಗಳ ಪಟ್ಟಿ ತೋರಿಸುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆದುಕೋ. ನಿನಗೆ ಮೊದಲು ಬೇಕಾದದ್ದು ಯಾವುದೆಂದೂ ಬರೆದುಕೊಡು. ಪ್ರಬಂಧದ ಅಧ್ಯಾಯಗಳು ನಿನ್ನ ಮಾರ್ಗದರ್ಶಕರ ಇಮೇಲಿನಲ್ಲಿ ಇದ್ದೇ ಇರುತ್ತವೆ, ಇಲ್ಲದಿದ್ದರೂ ಮತ್ತೆ ಬರೆಯಬಹುದು. ಎಂಬತ್ತು ದಾಟಿದ ಅಜ್ಜಿಯರ ಹಾಡನ್ನು ಮತ್ತೆ ಹಾಡಿಸಿಕೊಳ್ಳುವುದು ಎಲ್ಲ ಕಡೆಯೂ ಆಗುವ ಮಾತಲ್ಲ.

ಆದರೆ ಪ್ರಯೋಗಾಲಯಕ್ಕೆ ಹಣ ಸುರಿಯುವ ಮೊದಲು ರೆಕಾರ್ಡರಿನ ಎಸ್‌ಡಿ ಕಾರ್ಡನ್ನು ನೋಡಬೇಕು. ಡಿಸ್ಕಿಗೆ ಹಾಕಿಕೊಂಡ ಮೇಲೆ ಕಾರ್ಡನ್ನು ಖಾಲಿ ಮಾಡಿದ್ದೆ ಎಂದೆಯಂತೆ. ಖಾಲಿ ಮಾಡುವುದೆಂದರೆ ಸಾಮಾನ್ಯವಾಗಿ ಪುಸ್ತಕದ ಪರಿವಿಡಿಯನ್ನಷ್ಟೇ ಹರಿದಂತೆ; ಅದೇ ಜಾಗದಲ್ಲಿ ಹೊಸತನ್ನು ಬರೆಯುವವರೆಗೆ ಒಳಪುಟಗಳು ಉಳಿದಿರುತ್ತವೆ. ಕಾರ್ಡನ್ನು ಈಗಲೇ ಹೊರತೆಗೆದು, ಅದರ ಬದಿಯಲ್ಲಿರುವ ಪುಟ್ಟ ಗುಂಡಿಯನ್ನು ಲಾಕ್ ಕಡೆಗೆ ಸರಿಸಿ ಇಡು. ಫೋಟೋರೆಕ್ ಎಂಬ ಉಚಿತ ತಂತ್ರಾಂಶ, ಹೆಸರಿನಲ್ಲಿ ಫೋಟೋ ಇದ್ದರೂ, ವೇವ್ ಎಂಬ ಧ್ವನಿ ಫೈಲುಗಳನ್ನೂ ಹುಡುಕಿಕೊಡುತ್ತದೆ. ಸಿಕ್ಕದ್ದನ್ನು ಅದೇ ಕಾರ್ಡಿಗೆ ಉಳಿಸದೆ ಬೇರೆ ಕಡೆ ಉಳಿಸಬೇಕು. ನೀನಿಟ್ಟ ಊರಿನ ಹೆಸರು, ತಾರೀಖುಗಳೆಲ್ಲ ಮಾಯವಾಗಿ ಪ್ರತಿ ಫೈಲಿಗೂ ಒಂದು ಅಕ್ಷರ ಮತ್ತು ಉದ್ದನೆಯ ಅಂಕಿಯಷ್ಟೇ ಉಳಿಯುವುದರಿಂದ, ಕ್ಷೇತ್ರಕಾರ್ಯದ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೂ ಕೇಳಿ ಗುರುತಿಸಬೇಕಾಗುತ್ತದೆ. ತುಂಡುತುಂಡಾಗಿ ಉಳಿದಿದ್ದ ಉದ್ದದ ಮುದ್ರಣಗಳು ಕೆಲವು ನಡುವೆ ಕಡಿದಿರಲೂಬಹುದು. ಹೀಗೆಂದು ಲ್ಯಾಪ್‌ಟಾಪಿನ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಚಿಪ್ ಡಿಸ್ಕಿನಿಂದಲೂ ಅಳಿಸಿದ್ದು ಬರುತ್ತದೆಂದು ನಂಬಬೇಡ. ಅಲ್ಲಿ ಟ್ರಿಮ್ ಎಂಬ ಏರ್ಪಾಡು ಅಳಿಸಿದ ಜಾಗವನ್ನು ಬೇಗನೆ ನಿಜವಾಗಿಯೇ ಬರಿದುಮಾಡುತ್ತದೆ.

ಇನ್ನು ಮುಂದಿನ ಮಾತು. ಡಿಸ್ಕ್ ಮುನ್ಸೂಚನೆ ಕೊಟ್ಟೇ ಕೆಡುತ್ತದೆಂದು ಭಾವಿಸಬೇಡ. ಗೂಗಲ್ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟವುಗಳ ಪೈಕಿ ಶೇಕಡಾ 36ಕ್ಕೂ ಹೆಚ್ಚು ಡಿಸ್ಕುಗಳ ಸ್ಮಾರ್ಟ್ ದಾಖಲೆಯಲ್ಲಿ (ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ಲೆಕ್ಕದಲ್ಲಿ), ಉಷ್ಣತೆಯೊಂದನ್ನು ಬಿಟ್ಟರೆ, ದೋಷದ ಗುರುತೇ ಇರಲಿಲ್ಲ. ಆ ದಾಖಲೆಯನ್ನು ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ತಂತ್ರಾಂಶ ಹಾಕಿಕೊಂಡು ಆಗಾಗ ನೋಡು, ಹಳದಿ ಬಣ್ಣ ಕಂಡರೆ ಅಂದೇ ಎಲ್ಲವನ್ನೂ ಬೇರೆಡೆಗೆ ಸಾಗಿಸು. ಆದರೆ ನೀಲಿ ಬಣ್ಣವನ್ನು ಭರವಸೆಯೆಂದು ತಿಳಿಯಬೇಡ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಎಂಬ ಕ್ರಮ ನಿನಗೆ ಸಾಕು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಲ್ಯಾಪ್‌ಟಾಪಿನಲ್ಲಿ ಒಂದು, ಮೈಸೂರಿನ ನಿನ್ನ ಕೋಣೆಯ ಹೊರ ಡಿಸ್ಕಿನಲ್ಲಿ ಒಂದು, ಸಾಗರದ ನಮ್ಮ ಮನೆಯಲ್ಲಿ ಒಂದು. ಮಳೆಗಾಲದ ತೇವಕ್ಕೆ ಅಂಜಿ ನಾನದನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡುತ್ತೇನೆ. ಹೊರ ಡಿಸ್ಕನ್ನು ನಕಲು ಮುಗಿದೊಡನೆ ಕಳಚಿಡು, ಹಣಕ್ಕಾಗಿ ಫೈಲುಗಳನ್ನು ಒತ್ತೆಯಿಡುವ ರಾನ್ಸಮ್‌ವೇರ್ ಹೊಕ್ಕರೆ ಜೋಡಿಸಿದ್ದಕ್ಕೆಲ್ಲ ಬೀಗ ಹಾಕುತ್ತದೆ. ಗೂಗಲ್ ಡ್ರೈವ್ ಇದೆಯಲ್ಲ ಎನ್ನುತ್ತೀಯೇನೋ. ಸಿಂಕ್ ಆಗುವ, ಅಂದರೆ ಎರಡೂ ಕಡೆ ಒಂದೇ ಆಗಿ ಉಳಿಯುವ ಫೋಲ್ಡರಿನಲ್ಲಿ ನೀನು ಅಳಿಸಿದ್ದು ಅಲ್ಲಿಯೂ ಅಳಿದು, ಕಸದ ಬುಟ್ಟಿಯಲ್ಲಿ 30 ದಿನವಿದ್ದು ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸ್ ಏರ್ಪಾಡು) ಚಾಲೂ ಇದ್ದರೆ ಅದನ್ನು ಮತ್ತೆ ತೆರೆಯುವ 48 ಅಂಕಿಯ ಕೀಲಿಯನ್ನು ಕಾಗದದಲ್ಲಿ ಬರೆದಿಡು. ತಿಂಗಳಿಗೊಮ್ಮೆ ಪ್ರತಿಗಳಿಂದ ಯಾವುದಾದರೊಂದು ಹಾಡನ್ನು ತೆರೆದು ಕೊನೆಯವರೆಗೂ ಕೇಳು. ತೆರೆದು ನೋಡದ ಪ್ರತಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಬ್ಬಕ್ಕೆ ಬರುವಾಗ ಕಾರ್ಡನ್ನೂ ನೋಟ್‌ಬುಕ್ಕನ್ನೂ ಮರೆಯದೆ ತಾ, ಫೋಟೋರೆಕ್ಕನ್ನು ಇಲ್ಲಿಯೇ ಓಡಿಸೋಣ. ಡಿಸ್ಕನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೋ, ಬಸ್ಸಿನ ಡಿಕ್ಕಿಗೆ ಹಾಕಬೇಡ. ಹೊಸ ಡಿಸ್ಕುಗಳನ್ನು ಬೇರೆ ಬೇರೆ ಕಂಪನಿಯವಾಗಿ ಎರಡು ಕೊಂಡುಕೋ, ಹಣ ನಾನು ಕೊಡುತ್ತೇನೆ.

ಇಂತಿ,
ನಿನ್ನ ಸೋದರಮಾವ