ಗಂಟು ಕರಗಿದಾಗ ಚಿಕ್ಕ ಮೇಜು

ಸಂಪಾದಕರೇ,

ಹಣ ಕಟ್ಟಿ ಆಡುವ ಇಸ್ಪೀಟ್ ಆಟ ಪೋಕರ್ ಬರೀ ಅದೃಷ್ಟ ಅನ್ನುತ್ತಾರೆ. ಆದರೆ 2000ರಲ್ಲಿ ಪೋಕರ್‌ನ ದೊಡ್ಡ ಪಂದ್ಯಾವಳಿ ವರ್ಲ್ಡ್ ಸೀರೀಸ್‌ನ ಮುಖ್ಯ ಪಂದ್ಯ ಗೆದ್ದ ಅಮೆರಿಕದ ಕ್ರಿಸ್ ಫರ್ಗುಸನ್ ಆಮೇಲೆ ಸೊನ್ನೆಯಿಂದ ಶುರು ಮಾಡಿ 10,000 ಡಾಲರ್ ಮಾಡಿ ತೋರಿಸಿದರು. ಆಟಕ್ಕೆಂದು ಎತ್ತಿಟ್ಟ ಹಣದಲ್ಲಿ ಶೇ 5ಕ್ಕಿಂತ ಜಾಸ್ತಿ ಒಂದು ಮೇಜಿಗೆ ಒಯ್ಯುತ್ತಿರಲಿಲ್ಲ. ಗಂಟು ಕರಗಿದರೆ ಕಡಿಮೆ ಹಣದ ಚಿಕ್ಕ ಮೇಜಿಗೆ ಇಳಿಯುತ್ತಿದ್ದರು.

ನಾನು ಮಾಡಿದ್ದು ಉಲ್ಟಾ. 2019ರಲ್ಲಿ ಎತ್ತಿಟ್ಟಿದ್ದ 40,000 ರೂಪಾಯಿಯಲ್ಲಿ ಅರ್ಧ ಹೋಗಿತ್ತು. ಬೇಗ ವಾಪಸ್ ತರೋಣ ಅಂತ 10,000 ರೂಪಾಯಿ ಹಾಕಿ ಆಡುವ ಮೇಜಿಗೆ ಕೂತೆ. ಕೈಯಲ್ಲಿ ಎಕ್ಕದ ಜೋಡಿ, ಎದುರಿನವರ ಬಳಿ ಅದಕ್ಕಿಂತ ಚಿಕ್ಕದಾದ ಹತ್ತರ ಜೋಡಿ. ಆದರೂ ಸೋತೆ. ಸುಮಾರು ಐದರಲ್ಲಿ ಒಂದು ಸಲ ಹಾಗೆ ಆಗೇ ಆಗುತ್ತದೆ. ಎಲೆ ಆಡಿದ್ದು ತಪ್ಪಲ್ಲ, ಆ ಮೇಜಿಗೆ ಕೂತದ್ದು ತಪ್ಪು, ಅಲ್ವಾ?

2025ರ ಕಾಯ್ದೆ ಹಣದ ಆನ್‌ಲೈನ್ ಆಟ ನಿಷೇಧಿಸಿದೆ. ದೀಪಾವಳಿಗೆ ಮನೆಯಲ್ಲಿ ಎಲೆ ಹಂಚುವುದು ನಿಂತಿಲ್ಲ. ಒಂದು ಮೇಜಿಗೆ ಎಷ್ಟು ಹಣ ಒಯ್ಯಬೇಕು ಅನ್ನುವ ಈ ಲೆಕ್ಕವನ್ನೂ ನಿಮ್ಮ ಪತ್ರಿಕೆಯಲ್ಲಿ ದಯವಿಟ್ಟು ಬರೆಸಿ.

— ಒಬ್ಬ ಓದುಗ, ದಾವಣಗೆರೆ