ಹಳೇ ಧಾರಾವಾಹಿಯ ತಲೆ ಕತ್ತರಿಸಬೇಡಿ

ಮಾನ್ಯರೇ,

ಕೊನೆ ಗೊತ್ತಿರುವ ಧಾರಾವಾಹಿಯನ್ನು ಮತ್ತೆ ಹಾಕಿಕೊಂಡು ಕೂತರೆ ‘ಅದನ್ನೇ ಎಷ್ಟು ಸಲ ನೋಡ್ತೀರಿ’ ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ನ ‘ಲೀಲಾಸ್ ಫ್ರೆಂಡ್’ ಕಂತನ್ನು ಅವರಿಗೆ ಎರಡು ಸಲ ತೋರಿಸಬೇಕು. ಮಗುವಿನ ಚಿನ್ನದ ಸರ ಕಾಣೆಯಾದಾಗ, ಮೊದಲ ಸಲ ನೋಡುವವರೂ ಮನೆಯವರ ಜೊತೆ ಸೇರಿ ಆಳು ಸಿದ್ದನ ಮೇಲೆ ಅನುಮಾನಪಡುತ್ತಾರೆ. ಸರ ಹುಣಸೆಹಣ್ಣಿನ ಪಾತ್ರೆಯಲ್ಲಿದೆ ಎಂದು ತಿಳಿದು ಕೂತಾಗ ಅದೇ ಕಂತು ಕಳ್ಳತನದ ಕತೆಯಾಗಿ ಉಳಿಯುವುದಿಲ್ಲ. ಒಬ್ಬ ಬಡವನನ್ನು ಕಳ್ಳನೆಂದು ಎಷ್ಟು ಸಲೀಸಾಗಿ ತೀರ್ಮಾನಿಸಿಬಿಡುತ್ತೇವೆ ಎಂಬ ಕತೆಯಾಗುತ್ತದೆ. ‘ದಿ ಮಿಸ್ಸಿಂಗ್ ಮೇಲ್’ ಕೂಡ ಹಾಗೆಯೇ. ಮದುವೆ ನಿಲ್ಲಬಾರದೆಂದು ಸಾವಿನ ಸುದ್ದಿಯನ್ನು ಅಂಚೆಯವ ತನ್ನಲ್ಲೇ ಇಟ್ಟುಕೊಂಡಿದ್ದಾನೆ ಎಂದು ಗೊತ್ತಿದ್ದರೆ, ಮದುವೆಮನೆಯ ಗದ್ದಲದಲ್ಲಿ ಕಣ್ಣು ವಧೂವರರನ್ನು ಬಿಟ್ಟು ಅವನನ್ನೇ ಹುಡುಕುತ್ತದೆ.

ಎಲ್ಲ ಧಾರಾವಾಹಿಗೂ ಈ ಬಾಳಿಕೆ ಇಲ್ಲ, ಒಪ್ಪೋಣ. ಸದಾನಂದ ಸುವರ್ಣರ ‘ಗುಡ್ಡದ ಭೂತ’ದಂಥ ಪತ್ತೇದಾರಿಯಲ್ಲಿ ಗುಟ್ಟು ತಿಳಿದ ಮೇಲೆ ಹೆದರಿಕೆ ಅರ್ಧಕ್ಕರ್ಧ ಇಳಿಯುತ್ತದೆ. ಆದರೆ ಅದರ ಕರಾವಳಿ ಮಾತಿನ ಧಾಟಿ ನಿಧಾನವಾಗಿ ಕಿವಿಗಿಳಿಯುವುದು ಆಗಲೇ. ದಿನವಹಿ ಮೆಗಾ ಧಾರಾವಾಹಿಗಳದ್ದು ಬೇರೆ ಲೆಕ್ಕ: ಕಂತಿಗೆ 22 ನಿಮಿಷದಂತೆ 500 ಕಂತು ಎಂದರೆ 183 ಗಂಟೆ. ಅಲ್ಲಿ ಇಷ್ಟವಾದ ಹತ್ತಿಪ್ಪತ್ತು ಕಂತು ಆರಿಸಿಕೊಳ್ಳುವುದೇ ಜಾಣತನ.

ಮರುವೀಕ್ಷಕರು ಕತೆಯ ಹಿಂದೆ ಓಡುವುದಿಲ್ಲ. ಅವರಿಗೆ ಬೇಕಾದದ್ದು ಮುಖಗಳು, ಚಿತ್ರದ ಮೂಲೆಗಳು, ಮೌನಗಳು. ಮರುಪ್ರಸಾರ ಮಾಡುವವರು, ಅಂತರ್ಜಾಲಕ್ಕೆ ಏರಿಸುವವರು ಕೆಡಿಸುತ್ತಿರುವುದು ಇವನ್ನೇ. ಆ ಕಾಲದ ಚಿತ್ರದ ಅಗಲ-ಎತ್ತರದ ಅಳತೆ 4:3, ಇಂದಿನ ಟಿ.ವಿ.ಯದ್ದು 16:9. ಪರದೆ ತುಂಬಲೆಂದು ಅಡ್ಡಕ್ಕೆ ಎಳೆದರೆ ಪ್ರತಿ ಮುಖವೂ ಮೂರನೇ ಒಂದು ಪಾಲು ಅಗಲವಾಗುತ್ತದೆ. ‘ಮಾಲ್ಗುಡಿ ಡೇಸ್’ನ ಸಪೂರ ದೇಹದ ಹುಡುಗ ಸ್ವಾಮಿ ಕೂಡ ದಪ್ಪಗೆ ಕಾಣುತ್ತಾನೆ. ಎಳೆಯದೆ ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ಕಾಲು ಭಾಗವೇ ಹೋಯಿತು. ನಿಂತವರ ತಲೆ, ಕೂತವರ ಕೈ ಎರಡೂ ಮಾಯ. ಇದಕ್ಕಿಂತ ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಬಿಡುವುದು ಸಾವಿರ ಪಾಲು ವಾಸಿ.

ಟೇಪಿನಿಂದ ಇಳಿಸುವಾಗ ಇನ್ನೊಂದು ಎಡವಟ್ಟು ಆಗುತ್ತದೆ. ನಮ್ಮ ಹಳೇ ಪ್ರಸಾರದಲ್ಲಿ ಸೆಕೆಂಡಿಗೆ 25 ಚಿತ್ರ. ಅಡ್ಡಗೆರೆಗಳಿಂದಾದ ಒಂದೊಂದು ಚಿತ್ರವೂ ಬೆಸ ಗೆರೆ, ಸಮ ಗೆರೆ ಎಂದು ಎರಡು ಪಾಲಾಗಿ ಬರುತ್ತಿತ್ತು. ಅವನ್ನು ಸರಿಯಾಗಿ ಬಿಡಿಸದೆ ಹಾಗೇ ಒಟ್ಟಿಗೆ ತೋರಿಸಿದರೆ, ಪಾತ್ರಧಾರಿ ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳೇಳುತ್ತವೆ. ಹಕ್ಕುಸ್ವಾಮ್ಯದ ತಪಾಸಣೆ ತಪ್ಪಿಸಲು ಕೆಲವರು ವೇಗವನ್ನೂ ಸ್ವರವನ್ನೂ ತುಸು ಏರಿಸಿಡುತ್ತಾರೆ. ನೋಡುವವರು ವೇಗ ಇಳಿಸಿಕೊಂಡರೂ ದನಿಯ ಕೀಚಲು ಹೋಗುವುದಿಲ್ಲ, ಏಕೆಂದರೆ ಪ್ಲೇಯರ್ ಸ್ವರವನ್ನು ಇದ್ದಹಾಗೇ ಉಳಿಸಿಕೊಳ್ಳುತ್ತದೆ. ಅಂಥ ಪ್ರತಿಯನ್ನು ಬಿಟ್ಟು ಬೇರೆ ಹುಡುಕುವುದೇ ದಾರಿ.

ಮನೆಯಲ್ಲೇ ಸರಿಪಡಿಸಿಕೊಳ್ಳಬಹುದಾದದ್ದೂ ಇದೆ. ಸೆಟ್‌ಟಾಪ್ ಬಾಕ್ಸ್‌ನಲ್ಲೂ ಟಿ.ವಿ.ಯಲ್ಲೂ ಚಿತ್ರದ ಅಳತೆಯ ಸೆಟ್ಟಿಂಗ್ ಬೇರೆಬೇರೆ ಇರುತ್ತದೆ. ಒಂದನ್ನು ಮಾತ್ರ ತಿದ್ದಿ ‘ಸರಿಹೋಗಲಿಲ್ಲ’ ಎನ್ನುವವರೇ ಹೆಚ್ಚು. ಮೊದಲು ಬಾಕ್ಸ್, ಆಮೇಲೆ ಟಿ.ವಿ. ನೋಡಿ. ಪರದೆಯಲ್ಲಿ ವೃತ್ತಾಕಾರದ ವಸ್ತು, ಗೋಡೆ ಗಡಿಯಾರವೋ ಗಾಡಿಯ ಚಕ್ರವೋ, ದುಂಡಗೆ ಕಂಡರೆ ಅಳತೆ ಸರಿಯಿದೆ. ಚಲನೆಯನ್ನು ನುಣುಪು ಮಾಡುವ ‘ಮೋಷನ್’ ಆಯ್ಕೆಯನ್ನು ಆಫ್ ಮಾಡಿ, ‘ಶಾರ್ಪ್‌ನೆಸ್’ ತೀರಾ ಇಳಿಸಿ. ಹಳೇ ಚಿತ್ರಕ್ಕೆ ಅದನ್ನು ಏರಿಸಿದರೆ ವಿವರ ಹೆಚ್ಚುವುದಿಲ್ಲ, ಮುಖದ ಸುತ್ತ ಬಿಳಿ ಅಂಚು ಹುಟ್ಟುತ್ತದೆ. ಇಯರ್‌ಫೋನಿನ ಒಂದೇ ಕಿವಿಗೆ ಶಬ್ದ ಬಂದರೆ ಅದು ಕೆಟ್ಟಿದೆಯೆಂದು ಎಸೆಯಬೇಡಿ. ಟೇಪಿನ ಒಂದೇ ಹಾದಿಯ ಧ್ವನಿ ಒಂದು ಕಡೆಗೆ ಮಾತ್ರ ಇಳಿದಿರಬಹುದು. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ‘ಮೋನೋ ಆಡಿಯೊ’ ಆನ್ ಮಾಡಿದರೆ ಎರಡೂ ಕಡೆ ಕೇಳಿಸುತ್ತದೆ.

ಉಳಿದದ್ದು ವಾಹಿನಿಗಳ, ಹಕ್ಕುದಾರರ ಕೆಲಸ. ಶೀರ್ಷಿಕೆ ಭಾಗವನ್ನು ಕತ್ತರಿಸಬೇಡಿ. ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳೂ ಎಲ್. ವೈದ್ಯನಾಥನ್ ಅವರ ಆ ‘ತಾನನ’ ಸಂಗೀತವೂ ಇಲ್ಲದೆ ಮಾಲ್ಗುಡಿಯ ಬಾಗಿಲೇ ತೆರೆಯುವುದಿಲ್ಲ; ಕಲಾವಿದರ, ತಂತ್ರಜ್ಞರ ಹೆಸರು ಉಳಿದಿರುವುದೂ ಅಲ್ಲೇ. ಕಂತುಗಳ ಕ್ರಮವನ್ನೂ ಕಾಪಾಡಿ. ಕೊನೆ ಗೊತ್ತಿರುವುದು ಬೇರೆ, ಕೊನೆಯನ್ನೇ ಮೊದಲು ಬಡಿಸುವುದು ಬೇರೆ. ಸ್ವಾಮಿಯ ಕತೆ ಹಲವು ಕಂತುಗಳಲ್ಲಿ ಹಬ್ಬಿದೆ. ಗೆಳೆಯ ರಾಜಂ ಊರು ಬಿಟ್ಟು ಹೋಗುವ ಕಂತು ಮೊದಲು ಬಂದು, ಅವನು ಶಾಲೆಗೆ ಸೇರುವ ಕಂತು ಆಮೇಲೆ ಬಂದರೆ ಆ ಗೆಳೆತನ ಬೆಳೆದದ್ದೇ ಕಾಣದು. ಎಷ್ಟೋ ಕಡೆ ಈ ಗೊಂದಲಕ್ಕೆ ಕಾರಣ ಬರೀ ಕಡತದ ಹೆಸರು: 1, 2 ಎಂದು ಬರೆದರೆ ಕಂಪ್ಯೂಟರ್ 1ರ ಪಕ್ಕದಲ್ಲೇ 10ನ್ನು ಕೂರಿಸಿಬಿಡಬಹುದು. 01, 02 ಎಂದು ಬರೆದಿಡಿ. ನೂರು ದಾಟುವ ಧಾರಾವಾಹಿಯಾದರೆ 001 ಎಂದೇ ಶುರುಮಾಡಿ.

– ಒಬ್ಬ ವೀಕ್ಷಕ, ತೀರ್ಥಹಳ್ಳಿ